ಮೂರು ಪಾತ್ರೆ ಅಂಬಲಿ

ತುಮಕೂರು ಜಿಲ್ಲೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆಯ ನನ್ನ ಚಿಕ್ಕಮ್ಮನ ಮನೆಯಲ್ಲಿ ಮೂರು ಬಗೆಯ ನೀರಿದೆ. ನಲ್ಲಿಯಲ್ಲಿ ಬರುವ ಬೋರ್ ನೀರು ಹಂಡೆಯಲ್ಲಿ, ಐದು ರೂಪಾಯಿ ನಾಣ್ಯ ಹಾಕಿ ಹಿಡಿದು ತಂದ ಫಿಲ್ಟರ್ ನೀರು ಕ್ಯಾನಿನಲ್ಲಿ, ಹೆಂಚಿನ ಮಾಡಿನಿಂದ ಇಳಿದ ಮಳೆನೀರು ಹಿತ್ತಲಿನ ಡ್ರಮ್ಮಿನಲ್ಲಿ. ಯಾವ ನೀರು ಯಾವ ಕೆಲಸಕ್ಕೆ ಎಂಬುದು ಆಕೆಗೆ ಕೈಗೆ ಬಂದ ಲೆಕ್ಕ. ಅನ್ನ, ಮುದ್ದೆಗೆ ಬೋರ್ ನೀರು. ಕುಡಿಯಲು, ಟೀ ಕಾಸಲು ಕ್ಯಾನಿನದು. ತೊಗರಿಬೇಳೆ ಬೇಯಿಸಬೇಕಾದರೆ, ತಲೆ ತೊಳೆಯಬೇಕಾದರೆ ಮಳೆನೀರು, ಅದೂ ಡ್ರಮ್ಮಿನಲ್ಲಿ ಉಳಿದಿದ್ದರೆ.

ಹೋದ ಸಲ ಊರಿಗೆ ಹೋದಾಗ ಬೆಂಗಳೂರಿನಲ್ಲಿ ಕೊಂಡ ಟಿಡಿಎಸ್ ಮೀಟರ್ ಒಯ್ದಿದ್ದೆ. ಪೆನ್ನಿನ ಗಾತ್ರದ್ದು, ತುದಿಯನ್ನು ನೀರಿಗೆ ಅದ್ದಿದರೆ ಒಂದು ಅಂಕಿ ತೋರಿಸುತ್ತದೆ. ಮೂರಕ್ಕೂ ಅದ್ದಿ, ಮೂರು ಅಂಕಿ ಓದಿ ಹೇಳಿದೆ. ಚಿಕ್ಕಮ್ಮ ಮೀಟರನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, "ಅಲ್ಲಪ್ಪಾ, ಬೇಳೆ ಬೇಯುತ್ತೋ ಇಲ್ವೋ ಅನ್ನೋದು ಇದ್ರಲ್ಲಿ ಬರುತ್ತಾ?" ಎಂದರು. ಬರುವುದಿಲ್ಲ ಎಂದೆ. "ಮೊಮ್ಮಕ್ಕಳ ಹಲ್ಲಿಗೆ ಒಳ್ಳೇದೋ ಕೆಟ್ಟದ್ದೋ ಅನ್ನೋದು?" ಅದೂ ಇಲ್ಲ ಎಂದೆ. ಮೀಟರನ್ನು ಕಿಟಕಿಯ ದಂಡೆಯ ಮೇಲಿಟ್ಟು ಆಕೆ ಒಲೆಯ ಕಡೆ ತಿರುಗಿದರು. ಆ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಈ ವಾರದ ಅಂಕಣ.

ಮೊದಲು ಆ ಮೀಟರ್ ಮಾಡುವ ಕೆಲಸವೇನೆಂದು ತಿಳಿಯೋಣ. ಅದು ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡಿ, ಕರಗಿರುವ ಲವಣ ಒಟ್ಟು ಇಷ್ಟಿರಬಹುದು ಎಂದು ಅಂದಾಜು ಕಟ್ಟುತ್ತದೆ. ಯಾವ ಲವಣ ಎಂದು ಅದಕ್ಕೆ ಗೊತ್ತಿಲ್ಲ. ಎರಡು ಬಾವಿಗಳಿವೆ ಎಂದುಕೊಳ್ಳಿ. ಎರಡರಲ್ಲೂ ಲೀಟರಿಗೆ 500 ಮಿಲಿಗ್ರಾಂ ಲವಣ. ಒಂದರಲ್ಲಿ ಇರುವುದೆಲ್ಲ ಹೆಚ್ಚುಕಡಿಮೆ ಕ್ಯಾಲ್ಸಿಯಂ, ಮೆಗ್ನೀಸಿಯಂ. ಆ ನೀರಿನಲ್ಲಿ ಸೋಪು ನೊರೆಯಾಗದು, ಬೇಳೆ ಬೇಯದು. ಇನ್ನೊಂದರಲ್ಲಿ ಇರುವುದು ಅಡುಗೆ ಸೋಡದ ಜಾತಿಯ ಸೋಡಿಯಂ ಬೈಕಾರ್ಬೊನೇಟ್. ಆ ನೀರಿನಲ್ಲಿ ಸೋಪು ಚೆನ್ನಾಗಿ ನೊರೆಯುತ್ತದೆ, ಬೇಳೆ ಬೇಗ ಕರಗುತ್ತದೆ, ಆದರೆ ಹುಳಿ ಹಿಡಿಯಬೇಕಾದ್ದು ಹಿಡಿಯುವುದಿಲ್ಲ. ಮೀಟರಿಗೆ ಎರಡೂ 500. ಸಂತೆಗೆ ಬಂದ ಜನರನ್ನು ತಲೆ ಎಣಿಸಿ ಲೆಕ್ಕ ಹಿಡಿದಂತೆ ಅದು. ಕೊಳ್ಳಲು ಬಂದವರೆಷ್ಟು, ಮಾರಲು ಬಂದವರೆಷ್ಟು ಎಂಬುದು ಆ ಲೆಕ್ಕದಲ್ಲಿ ಸಿಗದು.

ನೀರಿನ ಈ ಒಳಗುಣವನ್ನು ಜಗತ್ತಿನಲ್ಲಿ ಬಹಳ ಹಿಂದೆಯೇ, ಬಹಳ ಆಳವಾಗಿ ಅಭ್ಯಾಸ ಮಾಡಿದವರು ಬಿಯರ್ ತಯಾರಕರು. ಬಿಯರಿನಲ್ಲಿ ನೂರಕ್ಕೆ 90 ಪಾಲಿಗಿಂತ ಹೆಚ್ಚು ನೀರೇ. ಹೊಸ ಊರಿಗೆ ಹೋದ ಬಿಯರ್ ಕುಶಲಿ ಮಾಡುವ ಮೊದಲ ಕೆಲಸ ಒಂದು ಚಿಕ್ಕ ಪರೀಕ್ಷೆಯ ಕಂತು ಬೇಯಿಸುವುದು. ತನಗೆ ಚೆನ್ನಾಗಿ ಗೊತ್ತಿರುವ ಮಾಲ್ಟು, ಗೊತ್ತಿರುವ ಯೀಸ್ಟು, ಗೊತ್ತಿರುವ ವಿಧಾನ. ಹೊಸದು ಆ ಊರ ನೀರು ಮಾತ್ರ. ಆಗ ರುಚಿಯಲ್ಲಿ ಏನು ಬದಲಾದರೂ ಅದಕ್ಕೆ ಕಾರಣ ನೀರೇ. ಪ್ರಯೋಗಾಲಯದ ವರದಿ ನೀರಿನಲ್ಲಿ ಏನೇನಿದೆ ಎಂದು ಹೇಳುತ್ತದೆ. ಪರೀಕ್ಷೆಯ ಕಂತು, ಇರುವುದೆಲ್ಲ ಸೇರಿ ಏನು ಮಾಡುತ್ತದೆ ಎಂದು ತೋರಿಸುತ್ತದೆ.

ಯುರೋಪಿನ ಹೆಸರಾಂತ ಬಿಯರುಗಳ ಹಿಂದೆ ಆಯಾ ಊರಿನ ನೀರಿದೆ. ಇಂಗ್ಲೆಂಡಿನ ಬರ್ಟನ್ ಊರಿನ ಬಾವಿಗಳಲ್ಲಿ ಜಿಪ್ಸಂ ಕರಗಿದೆ; ನಮ್ಮ ರೈತರು ಕರಲು ಭೂಮಿಗೂ ಕಡಲೆಕಾಯಿ ಹೊಲಕ್ಕೂ ಹಾಕುವ ಅದೇ ಜಿಪ್ಸಂ. ಆ ನೀರು ಹಾಪ್ಸ್ ಹೂವಿನ ಕಹಿಯನ್ನು ಚೊಕ್ಕವಾಗಿ ಎತ್ತಿ ಕೊಡುತ್ತದೆ. 1820ರ ದಶಕದಿಂದ ಹಡಗು ಹತ್ತಿ ನಮ್ಮ ದೇಶಕ್ಕೆ ಬರುತ್ತಿದ್ದ ತಿಳಿಬಣ್ಣದ ಕಹಿ ಬಿಯರ್ ಬರ್ಟನ್ನಿನದು. ಬೊಹೀಮಿಯಾದ ಪಿಲ್ಸೆನ್ ಊರಿನ ನೀರು ಹೆಚ್ಚುಕಡಿಮೆ ಮಳೆನೀರಿನಷ್ಟೇ ಮೆದು. ಅಲ್ಲಿ 1842ರಲ್ಲಿ ಯೋಸೆಫ್ ಗ್ರೋಲ್ ಬೇಯಿಸಿದ ಹೊಂಬಣ್ಣದ ಬಿಯರಿನ ಸಂತತಿಯೇ ಇವತ್ತು ಜಗತ್ತಿನ ಬಹುಪಾಲು ಬಾಟಲಿಗಳಲ್ಲಿ ಇರುವುದು. ಲಂಡನ್, ಮ್ಯೂನಿಕ್ ನಗರಗಳದ್ದು ಬೈಕಾರ್ಬೊನೇಟ್ ತುಂಬಿದ ನೀರು. ಅಲ್ಲಿ ತಿಳಿ ಬಿಯರ್ ಹದಕ್ಕೆ ಬರುತ್ತಿರಲಿಲ್ಲ; ಕಪ್ಪಗೆ ಹುರಿದ ಮಾಲ್ಟು ಹಾಕಿದರೆ ಬರುತ್ತಿತ್ತು. ಹುರಿದ ಕಾಳಿನ ಹುಳಿ ನೀರಿನ ಕ್ಷಾರವನ್ನು ತಗ್ಗಿಸುತ್ತಿತ್ತು. ರಸಾಯನಶಾಸ್ತ್ರ ಇದನ್ನು ವಿವರಿಸುವ ಎಷ್ಟೋ ಕಾಲ ಮೊದಲೇ ಅಲ್ಲಿನವರ ಕೈಗೆ ಇದು ತಿಳಿದಿತ್ತು, ಮಳೆನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ ಎಂದು ಚಿಕ್ಕಮ್ಮನಿಗೆ ತಿಳಿದಿರುವ ಹಾಗೆ.

ಈ ಕೈತಿಳಿವಿನ ಬೆನ್ನಟ್ಟಿ ಹೋದ ವಿಜ್ಞಾನಿಗಳಿಂದ ನಮಗೆಲ್ಲ ಉಪಕಾರವಾಗಿದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ನಮ್ಮ ತೆಂಗಿನ ರೈತರು ಓದುವ ಪಿಎಚ್ ಎಂಬ ಹುಳಿ-ಕ್ಷಾರದ ಅಳತೆ ಹುಟ್ಟಿದ್ದು ಬಿಯರ್ ಕಂಪನಿಯೊಂದರ ಪ್ರಯೋಗಾಲಯದಲ್ಲಿ. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್ಸೆನ್ ಅದನ್ನು ರೂಪಿಸಿದ. ಆಹಾರದಲ್ಲಿರುವ ಪ್ರೋಟೀನ್ ಅಳೆಯಲು ಇಂದಿಗೂ ಬಳಸುವ ಕೆಲ್ಡಾಲ್ ವಿಧಾನ ಅದೇ ಪ್ರಯೋಗಾಲಯದಿಂದ 1883ರಲ್ಲಿ ಬಂತು. ಡಬ್ಲಿನ್ನಿನ ಗಿನ್ನೆಸ್ ಕಂಪನಿಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್‌ಗೆ ಬೇರೊಂದು ಚಿಂತೆ ಇತ್ತು. ಪರೀಕ್ಷೆಗೆ ಸಿಗುವುದು ನಾಲ್ಕಾರು ಮಾದರಿ. ಅಷ್ಟರಲ್ಲಿ ಕಂಡ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ಹೇಗೆ ತೀರ್ಮಾನಿಸುವುದು? 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ 1908ರಲ್ಲಿ ಆತ ಬರೆದ ಲೇಖನದ ಲೆಕ್ಕವನ್ನು ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇವತ್ತಿಗೂ ತಮ್ಮ ತಾಕುಗಳ ಇಳುವರಿ ಹೋಲಿಸಲು ಬಳಸುತ್ತಾರೆ.

ನಮ್ಮ ನಾಡಿಗೂ ಬಿಯರ್ ಹೊಸದಲ್ಲ. 1857ರಷ್ಟು ಹಿಂದೆ ಶುರುವಾದ ಬ್ರೂವರಿಗಳೂ ಸೇರಿದಂತೆ ದಕ್ಷಿಣದ ಐದನ್ನು ಒಟ್ಟುಗೂಡಿಸಿ 1915ರಲ್ಲಿ ಥಾಮಸ್ ಲೀಶ್‌ಮನ್ ಕಟ್ಟಿದ ಯುನೈಟೆಡ್ ಬ್ರೂವರೀಸ್ ಬೆಂಗಳೂರಿನದು. ಈಗ ರಾಜಧಾನಿಯ ಸಣ್ಣ ಬ್ರೂವರಿಗಳು ಸಾಮಾನ್ಯವಾಗಿ ಆರ್‌ಓ ಯಂತ್ರದಲ್ಲಿ ನೀರಿನ ಲವಣವನ್ನೆಲ್ಲ ಸೋಸಿ ತೆಗೆದು, ಬಳಿಕ ತಮಗೆ ಬೇಕಾದಷ್ಟು ಜಿಪ್ಸಂ, ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿಕೊಳ್ಳುತ್ತವೆ. ಬರ್ಟನ್ನಿನ ನೀರೂ ಅಲ್ಲೇ ತಯಾರಾಗುತ್ತದೆ, ಪಿಲ್ಸೆನ್ನಿನ ನೀರೂ ಅಲ್ಲೇ. ಆದರೆ ಮನೆಯಲ್ಲಿ ಬಿಯರ್ ಮಾಡುವುದಕ್ಕೆ ಇಲ್ಲಿ ಅವಕಾಶವಿಲ್ಲ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ನಾನು ಅದನ್ನು ಮಾಡಲೂ ಇಲ್ಲ, ಮಾಡಿ ಎನ್ನುವುದೂ ಇಲ್ಲ. ನಮಗೆ ಬೇಕಾದ್ದು ಬಿಯರಲ್ಲ, ಆ ಪರೀಕ್ಷೆಯ ಕ್ರಮ. ಅದಕ್ಕೆ ಒಪ್ಪುವ ಪದಾರ್ಥ ನಮ್ಮ ಮನೆಯಲ್ಲೇ ಇದೆ.

ಸಿಕ್ಕಿಂನಲ್ಲಿ, ನೇಪಾಳದಲ್ಲಿ, ದೂರದ ಉಗಾಂಡದಲ್ಲಿ ರಾಗಿಯಿಂದ ಬಿಯರಿನಂಥ ಪಾನೀಯ ಮಾಡುತ್ತಾರೆ. ರಾಗಿಗೆ ಅಂಥ ಶಕ್ತಿ ಇದೆ. ಮೊಳಕೆ ಬಂದ ರಾಗಿಯಲ್ಲಿ ಗಂಜಿಯನ್ನು ಸಕ್ಕರೆಯಾಗಿ ಒಡೆಯುವ ಕಿಣ್ವ ಧಾರಾಳವಾಗಿ ಹುಟ್ಟುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿ ಎನ್. ಜಿ. ಮಲ್ಲೇಶಿ, ಎಚ್. ಎಸ್. ಆರ್. ದೇಸಿಕಾಚಾರ್ ಅವರು ರಾಗಿ ಮಾಲ್ಟಿನ ಮೇಲೆ ಮಾಡಿದ ಸಂಶೋಧನೆ ಹೆಸರಾದದ್ದು. ಮಕ್ಕಳಿಗೆ ನಾವು ಕುಡಿಸುವ ರಾಗಿ ಮಾಲ್ಟು ಬಿಯರಿನ ದಾರಿಯಲ್ಲಿ ಅರ್ಧದವರೆಗೆ ಹೋಗಿ ನಿಂತದ್ದು. ಅಂಬಲಿ ಇನ್ನೊಂದು ದಾರಿ ಹಿಡಿದದ್ದು. ಅಲ್ಲಿ ಮಜ್ಜಿಗೆಯ ಸೂಕ್ಷ್ಮಜೀವಿಗಳು ರಾತ್ರಿಯಿಡೀ ದುಡಿದು ಗಂಜಿಯನ್ನು ಹುಳಿಗೆ ತಿರುಗಿಸುತ್ತವೆ. ಧಾನ್ಯ, ನೀರು, ಬೆಂಕಿ, ಸೂಕ್ಷ್ಮಜೀವಿ, ಒಂದು ರಾತ್ರಿಯ ಕಾಲ. ಬಿಯರ್ ಕಂತಿನಲ್ಲಿ ಇರುವುದೆಲ್ಲ ಇಲ್ಲೂ ಇದೆ. ಹಾಗಾಗಿ ನಮ್ಮ ಪರೀಕ್ಷೆಯ ಕಂತು ಅಂಬಲಿಯೇ ಎಂದು ತೀರ್ಮಾನಿಸಿದೆವು.

ಕ್ರಮ ಹೀಗಿತ್ತು. ಒಂದೇ ಅಳತೆಯ ಮೂರು ಸ್ಟೀಲ್ ಪಾತ್ರೆ. ಗಡಿಗೆ ಬೇಡವೆಂದದ್ದು ಚಿಕ್ಕಮ್ಮನೇ. ಹಳೆಯ ಅಂಬಲಿಯ ಹುಳಿ ಮಣ್ಣಿನೊಳಗೆ ಇಂಗಿರುತ್ತದೆ, ಆಮೇಲೆ ನೀರಿನ ಗುಣ ಯಾವುದು ಗಡಿಗೆಯ ಗುಣ ಯಾವುದು ಎಂದು ಬಿಡಿಸಲಾಗದು ಎಂದರು. ಪ್ರಯೋಗದಲ್ಲಿ ಒಂದನ್ನು ಮಾತ್ರ ಬದಲಿಸಬೇಕು ಎಂಬ ಸೂತ್ರವನ್ನು ನಾನು ಹೇಳುವ ಮೊದಲೇ ಆಕೆ ಹೇಳಿಬಿಟ್ಟಿದ್ದರು. ಒಂದೊಂದು ಪಾತ್ರೆಗೆ ಒಂದೊಂದು ಲೀಟರ್: ಬೋರ್ ನೀರು, ಫಿಲ್ಟರ್ ನೀರು, ಮಳೆನೀರು. ನಲ್ಲಿ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರೆ ಅದರ ಕ್ಲೋರಿನ್ ಮಜ್ಜಿಗೆಯ ಜೀವಿಗಳನ್ನು ಕೊಲ್ಲಬಹುದೆಂದು ಆ ನೀರನ್ನು ಹಿಂದಿನ ರಾತ್ರಿಯೇ ಹಿಡಿದು ತೆರೆದಿಟ್ಟಿದ್ದೆವು. ಒಂದೇ ಡಬ್ಬದ ರಾಗಿ ಹಿಟ್ಟು, ಪಾತ್ರೆಗೆ 50 ಗ್ರಾಂ. ಒಂದೇ ಉರಿಯಲ್ಲಿ ಅಷ್ಟೇ ಹೊತ್ತು ಕುದಿಸಿ, ಉಗುರುಬೆಚ್ಚಗೆ ಆರಿಸಿ, ಒಂದೇ ಮಡಕೆಯ ಮಜ್ಜಿಗೆ ಒಂದೊಂದು ಚಮಚ. ಬಟ್ಟೆ ಕಟ್ಟಿ ಮೂರನ್ನೂ ಒಲೆಯ ಪಕ್ಕದ ಒಂದೇ ಹಲಗೆಯ ಮೇಲಿಟ್ಟು ಮಲಗಿದೆವು.

ಕುದಿಯುವಾಗಲೇ ಒಂದು ವಿಷಯ ಕಂಡಿತು. ಬೋರ್ ನೀರಿನ ಗಂಜಿ ಉಳಿದೆರಡಕ್ಕಿಂತ ಕಡುಬಣ್ಣಕ್ಕೆ ತಿರುಗಿತು. ರಾಗಿಯ ಸಿಪ್ಪೆಯಲ್ಲಿರುವ ಒಗರು ಪದಾರ್ಥಗಳು ಕ್ಷಾರದಲ್ಲಿ ಕಪ್ಪಾಗುತ್ತವೆ, ಹುಳಿಯಲ್ಲಿ ತಿಳಿಯಾಗುತ್ತವೆ. ಬೆಳಿಗ್ಗೆ ಬಟ್ಟೆ ಬಿಚ್ಚಿದಾಗ ಮಳೆನೀರಿನ ಅಂಬಲಿ ನಾಲಿಗೆಗೆ ಚುರುಕಾಗಿ ಹುಳಿ ತಗುಲಿತು. ಫಿಲ್ಟರ್ ನೀರಿನದು ಅದಕ್ಕೆ ಹತ್ತಿರ. ಬೋರ್ ನೀರಿನದು ಇನ್ನೂ ಸಪ್ಪೆ. ಮಧ್ಯಾಹ್ನದ ಹೊತ್ತಿಗಷ್ಟೇ ಅದು ಹದಕ್ಕೆ ಬಂತು.

ಕಾರಣ ಬೈಕಾರ್ಬೊನೇಟ್. ಮಳೆನೀರು ಮಣ್ಣಿಗಿಳಿಯುವಾಗ ಬೇರುಗಳು ಬಿಟ್ಟ ಇಂಗಾಲದ ಡೈ ಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿನೀರು ಬಂಡೆಯ ಸಂದಿಯಲ್ಲಿ ವರ್ಷಾನುಗಟ್ಟಲೆ ನಿಂತು ಕಲ್ಲನ್ನು ಕರಗಿಸುತ್ತ ಕೊನೆಗೆ ಕ್ಷಾರಗುಣ ಪಡೆಯುತ್ತದೆ. ಮಜ್ಜಿಗೆಯ ಜೀವಿಗಳು ಹುಟ್ಟಿಸುವ ಹುಳಿಯನ್ನು ಮೊದಲು ಈ ಕ್ಷಾರ ನುಂಗುತ್ತದೆ, ಮಿಕ್ಕದ್ದು ನಮ್ಮ ನಾಲಿಗೆಗೆ. ಎಷ್ಟು ನುಂಗುತ್ತದೆ ಎಂದು ಲೆಕ್ಕ ಹಾಕಬಹುದು: ನೀರಿನ ಕ್ಷಾರತೆ ಲೀಟರಿಗೆ 500 ಮಿಲಿಗ್ರಾಂ ಇದ್ದರೆ, ಒಂದು ಲೀಟರ್ ಅಂಬಲಿಯಲ್ಲಿ ಸುಮಾರು 0.9 ಗ್ರಾಂ ಲ್ಯಾಕ್ಟಿಕ್ ಆಮ್ಲ ರುಚಿಗೆ ಸಿಗುವ ಮೊದಲೇ ಖರ್ಚಾಗಿರುತ್ತದೆ. ಬಿಯರ್ ತಯಾರಕರ ತಲೆನೋವೂ ಇದೇ. ಮಾಲ್ಟಿನ ಗಂಜಿಯ ಪಿಎಚ್ 5.2ರಿಂದ 5.6ರೊಳಗೆ ಇದ್ದರೆ ಅವರ ಕಿಣ್ವಗಳು ಚೆನ್ನಾಗಿ ದುಡಿಯುತ್ತವೆ. ಕ್ಷಾರದ ನೀರು ಅದನ್ನು ಮೇಲಕ್ಕೆ ದೂಡುತ್ತದೆ. 1953ರಲ್ಲಿ ಜರ್ಮನಿಯ ಪಾಲ್ ಕೋಲ್ಬಾಕ್ ಇದಕ್ಕೊಂದು ಸೂತ್ರ ಕೊಟ್ಟ. ನೀರಿನ ಕ್ಯಾಲ್ಸಿಯಂ ಮಾಲ್ಟಿನ ರಂಜಕದೊಡನೆ ಸೇರಿ ಹುಳಿ ಬಿಡಿಸುವುದರಿಂದ 3.5 ಪಾಲು ಕ್ಯಾಲ್ಸಿಯಂ ಒಂದು ಪಾಲು ಕ್ಷಾರವನ್ನು ಅಡಗಿಸುತ್ತದೆ; ಮೆಗ್ನೀಸಿಯಂ ಆದರೆ 7 ಪಾಲು ಬೇಕು. ಹಾಗಾಗಿ ಗಡಸುತನ (ಕ್ಯಾಲ್ಸಿಯಂ, ಮೆಗ್ನೀಸಿಯಂ) ಎಷ್ಟು ಎಂದಷ್ಟೇ ಕೇಳಿದರೆ ಸಾಲದು, ಕ್ಷಾರ ಎಷ್ಟು ಎಂದೂ ಕೇಳಬೇಕು. ಒಂದು ಇನ್ನೊಂದರ ಕೈ ಹಿಡಿದು ಎಳೆಯುತ್ತಿರುತ್ತದೆ.

ಇಷ್ಟಾದರೂ ಒಂದು ಅನುಮಾನ ಉಳಿದಿತ್ತು. ಯಾವ ಪಾತ್ರೆಯಲ್ಲಿ ಯಾವ ನೀರಿದೆ ಎಂದು ನಮಗೆ ಗೊತ್ತಿತ್ತು. ಮಳೆನೀರಿನದು ಚೆನ್ನಾಗಿರಬೇಕೆಂಬ ಆಸೆಯೂ ಇತ್ತು. ಆಸೆ ನಾಲಿಗೆಗೆ ರುಚಿ ಹತ್ತಿಸಿಬಿಡುತ್ತದೆ. ಇದಕ್ಕೂ ಬಿಯರ್ ತಯಾರಕರಲ್ಲಿ ಉಪಾಯವಿದೆ. 1940ರ ದಶಕದಲ್ಲಿ ಕಾರ್ಲ್ಸ್‌ಬರ್ಗಿನವರು ರೂಢಿಗೆ ತಂದ ಮೂರು ಲೋಟದ ಪರೀಕ್ಷೆ ಅದು. ಎರಡು ಲೋಟದಲ್ಲಿ ಒಂದೇ ಪಾನೀಯ, ಮೂರನೆಯದರಲ್ಲಿ ಬೇರೆ. ಯಾವುದು ಚೆನ್ನಾಗಿದೆ ಎಂದು ಕೇಳುವುದಿಲ್ಲ. ಬೇರೆಯದು ಯಾವುದು ಎಂದಷ್ಟೇ ಕೇಳಬೇಕು. ಕಣ್ಣುಮುಚ್ಚಿ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿ ಬರುತ್ತದೆ. ಸತತ ಮೂರು ಸಲ ಸರಿ ಹೇಳಿದರೆ ಅದು ಬರೀ ಊಹೆಯಿಂದ ಬಂದಿರುವ ಸಾಧ್ಯತೆ 27ರಲ್ಲಿ ಒಂದು. ಚಿಕ್ಕಮ್ಮನ ಕಣ್ಣಿಗೆ ಸೆರಗು ಕಟ್ಟಿ ಲೋಟ ಕೊಟ್ಟೆವು. ಬಣ್ಣ ಕಾಣದಿದ್ದರೂ ಬೋರ್ ನೀರಿನ ಅಂಬಲಿಯನ್ನು ಮೂರು ಸಲವೂ ಬೇರೆ ತೆಗೆದು ಇಟ್ಟರು. ಫಿಲ್ಟರ್ ನೀರಿಗೂ ಮಳೆನೀರಿಗೂ ಹಾಗೆ ಮಾಡಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ. ಬೆಳಿಗ್ಗೆ ಆ ಎರಡರ ನಡುವೆ ಕಂಡ ಅಂತರ ನಮ್ಮ ಆಸೆಯದೇ ಇರಬೇಕು.

ಅಂಬಲಿ ಕ್ಷಾರದ ಸಾಕ್ಷಿ. ಉಳಿದ ಗುಣಗಳಿಗೆ ಬೇರೆ ಸಾಕ್ಷಿಗಳಿವೆ, ಎಲ್ಲವೂ ಅಡುಗೆಮನೆಯಲ್ಲೇ.

ಹಾಲು ಹಾಕದ ಟೀ ಕಾಸಿ ಲೋಟದಲ್ಲಿ ಹತ್ತು ನಿಮಿಷ ಬಿಡಿ. ಮೇಲೆ ಎಣ್ಣೆಯಂಥ ಪೊರೆ ಕಟ್ಟಿದರೆ ಆ ನೀರಿನಲ್ಲಿ ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಎರಡೂ ಇವೆ ಎಂದು ಅರ್ಥ. ಈ ಪೊರೆ ಏನೆಂದು 1990ರ ದಶಕದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಮೈಕಲ್ ಸ್ಪೈರೊ ಮತ್ತು ಸಂಗಡಿಗರು ಅಭ್ಯಾಸ ಮಾಡಿದ್ದಾರೆ. ಎರಡು ಹನಿ ನಿಂಬೆರಸ ಬಿಟ್ಟರೆ ಪೊರೆ ಹರಿಯುತ್ತದೆ, ಬಣ್ಣ ತಿಳಿಯಾಗುತ್ತದೆ. ಟೀಗೆ ಬೋರ್ ನೀರು ಒಗ್ಗಲ್ಲ ಎಂಬ ಮಾತಿನ ಹಿಂದಿರುವುದು ಇದು.

ತೊಗರಿಬೇಳೆಯದು ಇನ್ನೊಂದು ಕತೆ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪದಾರ್ಥ ಪೆಕ್ಟಿನ್. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರೊಳಗೆ ಹೊಕ್ಕು ಅಂಟನ್ನು ಇನ್ನಷ್ಟು ಬಿಗಿಯುತ್ತವೆ. ಬೇಳೆ ಕುದಿಯುತ್ತಲೇ ಇರುತ್ತದೆ, ಒಡೆಯುವುದಿಲ್ಲ. ಚಿಟಿಕೆ ಅಡುಗೆ ಸೋಡ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಬೇಳೆಯ ಬಿ1 ಜೀವಸತ್ವ ಅದರಿಂದ ಹಾಳಾಗುತ್ತದೆ. ಮಳೆನೀರು ಆ ನಷ್ಟವಿಲ್ಲದೆ ಅದೇ ಕೆಲಸ ಮಾಡುತ್ತದೆ.

ಮೂರನೆಯದು ಕಬ್ಬಿಣ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗುಡ್ಡಸಾಲು ಚಿತ್ರದುರ್ಗದ ಶಿಲಾಪಟ್ಟಿಯ ಭಾಗ. ಕಬ್ಬಿಣ, ಮ್ಯಾಂಗನೀಸ್ ಅದಿರಿಗಾಗಿ ಇಲ್ಲಿ ದಶಕಗಟ್ಟಲೆ ಅಗೆತ ನಡೆಯಿತು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನು ತಡೆಹಿಡಿದದ್ದು ಊರಿನವರಿಗೆಲ್ಲ ನೆನಪಿದೆ. ಇಂಥ ನೆಲದ ಬೋರ್ ನೀರು ಮೇಲಕ್ಕೆ ಬಂದಾಗ ತಿಳಿಯಾಗಿಯೇ ಇದ್ದು, ಬಕೆಟ್ಟಿನಲ್ಲಿ ಒಂದು ರಾತ್ರಿ ಕಳೆದ ಮೇಲೆ ಕೆಂಪಗಾದರೆ ಕಬ್ಬಿಣವಿದೆ. ಹಿಂದೆ ಲೆಕ್ಕ ಬರೆಯುವ ಮಸಿಯನ್ನು ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಮಾಡುತ್ತಿದ್ದರು. ಅದೇ ಗುಣದಿಂದ, ಜಜ್ಜಿದ ಅಳಲೆಕಾಯಿಯೋ ಸೀಬೆ ಎಲೆಯೋ ಹಾಕಿಟ್ಟ ನೀರು ಮಸಿಬಣ್ಣಕ್ಕೆ ತಿರುಗಿದರೆ ಅದರಲ್ಲಿ ಕಬ್ಬಿಣ ಹೆಚ್ಚಿದೆ ಎಂದು ತಿಳಿಯಬೇಕು.

ಚಿಕ್ಕಮ್ಮನ ಮೊದಲ ಪ್ರಶ್ನೆಗೆ ಇಲ್ಲಿಗೆ ಉತ್ತರ ಸಿಕ್ಕಿತು. ಎರಡನೆಯದು, ಮೊಮ್ಮಕ್ಕಳ ಹಲ್ಲಿನದು, ಹಾಗೇ ಉಳಿದಿತ್ತು. ಅದಕ್ಕೆ ಅಂಬಲಿಯೂ ಸಾಕ್ಷಿ ಹೇಳದು, ಟೀಯೂ ಹೇಳದು.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ನೀರಿನಲ್ಲಿ ಇರುವ ಪ್ರಮಾಣದಲ್ಲಿ ರುಚಿಯೂ ಇಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ಹಲ್ಲು ಮೂಡುವ ವಯಸ್ಸಿನ ಮಕ್ಕಳು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಸುಣ್ಣದಂಥ ಗೆರೆ, ಆಮೇಲೆ ಕಂದು ಕಲೆ ಬೀಳುತ್ತವೆ. ಪ್ರಮಾಣ ಇನ್ನೂ ಹೆಚ್ಚಿದ್ದು ಬಳಕೆ ದೀರ್ಘವಾದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು 1937ರಲ್ಲಿ ನೆಲ್ಲೂರಿನ ಕಡೆ ಮೊದಲು ಗುರುತಿಸಿದರು. ಪಾವಗಡ, ಶಿರಾ ಸೇರಿದಂತೆ ತುಮಕೂರು ಜಿಲ್ಲೆಯ ಬೋರ್ ನೀರಿಗೂ ಇದರ ಕಾಟ ಹಳೆಯದು.

ಇಲ್ಲೊಂದು ತಿಳಿಯಲೇಬೇಕಾದ ಸಂಗತಿ ಇದೆ. ಫ್ಲೋರೈಡ್ ಕಲ್ಲಿನಿಂದ ಬರುತ್ತದೆ. ಗ್ರಾನೈಟ್, ನೈಸ್ ಬಂಡೆಗಳ ಕೆಲವು ಖನಿಜಗಳಲ್ಲಿ ಅದು ಅಡಗಿದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕಿಳಿಸುತ್ತದೆ, ಹೆಚ್ಚು ಕರಗಲು ಬಿಡುವುದಿಲ್ಲ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿ ಅದಕ್ಕೆ ತಡೆಯಿಲ್ಲ. ಅಂಥ ನೀರಿನ ಚಹರೆ ನೆನಪಿಸಿಕೊಳ್ಳಿ: ಸೋಪು ನೊರೆಯುತ್ತದೆ, ಬೇಳೆ ಬೇಯುತ್ತದೆ, ಕುಡಿಯಲು ಹಿತ. ಊರವರು ಸಿಹಿನೀರಿನ ಬೋರು ಎಂದು ಸಾಲುಗಟ್ಟಿ ಬಿಂದಿಗೆ ಹಿಡಿಯುವ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರಬಹುದು. ಬೇಳೆ ಬೇಯದ ಗಡಸು ನೀರಿನಲ್ಲಿ ಕಡಿಮೆ ಇರಬಹುದು. ಅಡುಗೆಮನೆಯ ಎಲ್ಲ ಪರೀಕ್ಷೆಗಳಲ್ಲೂ ಪಾಸಾದ ನೀರು ಮೂಳೆಗೆ ಕೆಟ್ಟದ್ದಾಗಿರಲು ಸಾಧ್ಯ.

ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾಗಿ ಅದು ಮತ್ತಷ್ಟು ದಟ್ಟವಾಗುತ್ತದೆ. ನೈಟ್ರೇಟಿನದೂ ಹೀಗೇ. ತಿಪ್ಪೆಗುಂಡಿ, ಕೊಟ್ಟಿಗೆಯ ಗಂಜಲ, ತೋಟಕ್ಕೆ ಸುರಿದ ಯೂರಿಯಾದಿಂದ ಇಳಿದು ಬಂದು ಅದು ಬಾವಿ ಸೇರುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಎಳೆಗೂಸುಗಳಿಗೆ ಅಪಾಯ. ಇವೆರಡೂ ಕಿಟ್ಟಿನಲ್ಲೋ ಪ್ರಯೋಗಾಲಯದಲ್ಲೋ ಪರೀಕ್ಷಿಸಿದರೆ ಮಾತ್ರ ತಿಳಿಯುವಂಥವು. ಅದಕ್ಕೆ ಈಗ ದೂರ ಹೋಗಬೇಕಿಲ್ಲ. 2019ರ ಆಗಸ್ಟ್ 15ರಂದು ಶುರುವಾದ ಜಲ ಜೀವನ್ ಮಿಷನ್ ಪ್ರಕಾರ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕು. ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಗಳು ಸಾರ್ವಜನಿಕರ ಮಾದರಿಯನ್ನೂ ತೆಗೆದುಕೊಳ್ಳುತ್ತವೆ. ನಿಮ್ಮ ಪಂಚಾಯ್ತಿಯಲ್ಲಿ ಕಿಟ್ ಯಾರ ಬಳಿ ಇದೆ, ತರಬೇತಿ ಪಡೆದವರು ಯಾರು ಎಂದು ಕೇಳಿ. ಕೇಳುವವರಿದ್ದರೆ ಕಿಟ್ ಬೀರುವಿನಿಂದ ಹೊರಬರುತ್ತದೆ.

ಮಾದರಿ ಹಿಡಿಯುವುದರಲ್ಲೂ ಕ್ರಮವಿದೆ. ಪೈಪಿನಲ್ಲಿ ನಿಂತ ನೀರು ಹೋಗುವವರೆಗೆ ಮೋಟರ್ ಓಡಿಸಿ, ಶುದ್ಧ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಬಾಯಿಯವರೆಗೆ ತುಂಬಿ, ಊರು, ತಾರೀಖು, ಬೋರಿನ ಆಳ ಬರೆದು ಅಂಟಿಸಿ. ವರ್ಷದಲ್ಲಿ ಎರಡು ಸಲ ಮಾಡಿ: ಮಳೆಗಾಲ ಮುಗಿದ ಮೇಲೊಮ್ಮೆ, ಮೇ ತಿಂಗಳ ಬಿಸಿಲಿನಲ್ಲೊಮ್ಮೆ. ಪಕ್ಕದ ತೋಟದವರ ವರದಿ ನಮಗೂ ಸಾಕು ಎನ್ನಬೇಡಿ. ನೂರು ಮಾರು ಆಚೆ, ಇನ್ನೂರು ಅಡಿ ಕೆಳಗೆ ಬಂಡೆಯ ಬಿರುಕು ಬೇರೆ, ನೀರೂ ಬೇರೆ. ಹೀಗೆ ಪರೀಕ್ಷೆಗೆ ಕಳಿಸಿದ ಚಿಕ್ಕಮ್ಮನ ಮನೆಯ ನೀರಿನ ವರದಿಯ ಅಂಕಿಗಳನ್ನು ಇಲ್ಲಿ ಬರೆಯದೆ ಬಿಟ್ಟಿರುವುದು ಅದಕ್ಕೇ. ಅವು ಆ ಒಂದು ಬೋರಿನವು.

ಇನ್ನೊಂದು ಮಾತು, ನಮ್ಮ ಕಡೆ ಬಹಳ ಮನೆಗಳಿಗೆ ಸಲ್ಲುವಂಥದ್ದು. ಕುಡಿಯಲು ಫಿಲ್ಟರ್ ನೀರು ತಂದು, ಅನ್ನಕ್ಕೂ ಮುದ್ದೆಗೂ ಬೋರ್ ನೀರನ್ನೇ ಬಳಸುವ ರೂಢಿ ಇದೆ. ಎಸರಿಗೆ ಇಟ್ಟ ನೀರನ್ನು ಅನ್ನ, ಮುದ್ದೆ ಹೀರಿಕೊಳ್ಳುತ್ತವೆ. ಅದರ ಫ್ಲೋರೈಡ್ ಹೊಟ್ಟೆಗೇ ಹೋಗುತ್ತದೆ. ವರದಿಯಲ್ಲಿ ಫ್ಲೋರೈಡ್ ಹೆಚ್ಚು ಬಂದರೆ ಅಡುಗೆಯ ನೀರನ್ನೂ ಬದಲಿಸಬೇಕು. ಫಿಲ್ಟರ್ ನೀರು ಕೊಡುವ ಆರ್‌ಓ ಘಟಕದ ಪೊರೆ ಸರಿಯಾಗಿದ್ದರೆ ಅದು ಫ್ಲೋರೈಡನ್ನು ಬಹುಮಟ್ಟಿಗೆ ತಡೆಯುತ್ತದೆ. ಸರಿಯಾಗಿದೆಯೇ ಎಂದು ಆ ನೀರನ್ನೂ ಪರೀಕ್ಷೆಗೆ ಕಳಿಸಬೇಕು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಮಳೆಯಲ್ಲಿ ಮಾಡಿನ ದೂಳು, ಹಕ್ಕಿಯ ಹಿಕ್ಕೆ ತೊಳೆದುಹೋಗಲು ಬಿಟ್ಟು, ಆಮೇಲಿನದನ್ನು ಸೋಸಿ ಮುಚ್ಚಿಟ್ಟು, ಕುದಿಸಿ ಬಳಸಿದರೆ ಅಡುಗೆಗೆ ಅದರಷ್ಟು ಒಳ್ಳೆಯದು ಬೇರೆಯಿಲ್ಲ. ನನ್ನ ಚಿಕ್ಕಮ್ಮನಿಗೆ ಬೇಕಾದದ್ದು ಇನ್ನೊಂದು ಮೀಟರಲ್ಲ, ಇನ್ನೆರಡು ಡ್ರಮ್ಮು.

ವರದಿ ಬಂದ ದಿನ ಅದನ್ನು ಓದಿ ಹೇಳಲು ಊರಿಗೆ ಹೋಗಿದ್ದೆ. ಚಿಕ್ಕಮ್ಮ ಎದುರು ಕೂತು ಒಂದೊಂದು ಸಾಲಿಗೂ ಒಂದೇ ಪ್ರಶ್ನೆ ಕೇಳಿದರು. "ಗಡಸುತನ ಅಂದ್ಯಲ್ಲ, ಅದು ನಂಗೆ ಗೊತ್ತಾಗುತ್ತಾ?" ಗೊತ್ತಾಗುತ್ತೆ ಚಿಕ್ಕಮ್ಮ, ಬೇಳೆಯಲ್ಲಿ. "ಕ್ಷಾರ?" ಅಂಬಲಿಯಲ್ಲಿ. "ಕಬ್ಬಿಣ?" ಬಕೆಟ್ಟಿನಲ್ಲಿ. "ನೈಟ್ರೇಟು?" ಇಲ್ಲ. "ಫ್ಲೋರೈಡು?" ಇಲ್ಲ. ಇಲ್ಲ ಎಂದ ಎರಡು ಸಾಲಿನ ಕೆಳಗೆ ಕೆಂಪು ಗೆರೆ ಎಳೆಸಿ, ಕಾಗದವನ್ನು ಮಡಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು. ಆಮೇಲೆ ಕ್ಯಾಲೆಂಡರಿನ ಹಾಳೆ ತಿರುವಿ, ಮೇ ತಿಂಗಳ ಮೊದಲ ಭಾನುವಾರಕ್ಕೆ ಬೆರಳಿಟ್ಟು, "ಅವತ್ತು ಬಾ, ತೊಳೆದ ಬಾಟ್ಲಿ ತಗೊಂಡು ಬಾ" ಎಂದರು.